ಮೊದಲು ಮೂತ್ರ, ಆಮೇಲೆ ಔಷಧ: ಪುಟ್ಟ ಮಕ್ಕಳ ಮೂತ್ರದ ಸೋಂಕನ್ನು ಗುರುತಿಸುವ ಬಗೆ

(ಕಲಬುರಗಿಯಲ್ಲಿ ತಾಯಂದಿರು, ಆಶಾ ಕಾರ್ಯಕರ್ತೆಯರು, ಲ್ಯಾಬ್ ಟೆಕ್ನಿಷಿಯನ್ನರು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಕೂಡಿದ್ದ ಸಭೆಯಲ್ಲಿ ಮಕ್ಕಳ ವೈದ್ಯೆಯೊಬ್ಬರು ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಮುಂದಿನ ಸಾಲಿನಲ್ಲಿ ಕೂತ ಆಯಿಗಳು ಈಗಲೇ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ. ‘ಕೂಸಿನ ಉಚ್ಚಿ ಬಗ್ಗೆ ಇಷ್ಟು ಮಂದೀನ ಕೂಡ್ಸಿ ಹೇಳೋದು ಏನದ?’ ಅಂತ. ಭಾಳ ಅದ. ಎರಡು ವರ್ಷದೊಳಗಿನ ಕೂಸಿಗೆ ಜ್ವರ ಬಂದರೆ ನಾವು ಕಿವಿ ನೋಡುತ್ತೇವೆ, ಗಂಟಲು ನೋಡುತ್ತೇವೆ, ಎದೆಗೆ ಸ್ಟೆತಾಸ್ಕೋಪ್ ಇಡುತ್ತೇವೆ. ಮಲೇರಿಯಾ, ಡೆಂಗಿ, ಟೈಫಾಯ್ಡ್ ಅಂತ ರಕ್ತ ತೆಗೆಯುತ್ತೇವೆ. ಮೂತ್ರ ನೆನಪಾಗುವುದು ಕಡೆಗೆ, ಅದೂ ಎರಡು ಬಾಟಲಿ ಸಿರಪ್ ಮುಗಿದ ಮೇಲೆ. ಕಾರಣ ದೊಡ್ಡದೇನಲ್ಲ. ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ, ಮೂತ್ರ ಹಿಡಿಯುವುದು ಕೂಸಿನ ಮರ್ಜಿ.

ಜ್ವರದ ಕಾರಣ ಹುಡುಕಿಕೊಂಡು ದವಾಖಾನೆಗೆ ಬರುವ ಎಳೆಯ ಕೂಸುಗಳಲ್ಲಿ ನೂರಕ್ಕೆ ಸುಮಾರು 7ಕ್ಕೆ ಇರುವುದು ಮೂತ್ರದ ಸೋಂಕು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಅಂಕಿ ಇದು. ಏಳು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಮೂಗು ಸೋರುವ ವೈರಸ್ ಜ್ವರ ತಾನಾಗಿ ಇಳಿಯುತ್ತದೆ. ಮೂತ್ರಪಿಂಡಕ್ಕೆ ಏರಿದ ಸೋಂಕು ಹಾಗಲ್ಲ. ಜ್ವರದೊಂದಿಗೆ ಮೊದಲ ಸಲ ಮೂತ್ರದ ಸೋಂಕಾದ ಮಕ್ಕಳಲ್ಲಿ ಸುಮಾರು ನೂರಕ್ಕೆ 15 ಮಂದಿಯ ಕಿಡ್ನಿಯಲ್ಲಿ ಕಲೆ ಉಳಿಯುತ್ತದೆ. ಸರಿಯಾದ ಔಷಧ ಎರಡು ಮೂರು ದಿನ ತಡವಾದರೆ ಆ ಕಲೆಯ ಸಂಭವ ಹೆಚ್ಚು. ಕಲೆ ಬಿದ್ದವರೆಲ್ಲರಿಗೂ ಮುಂದೆ ತೊಂದರೆಯಾಗುತ್ತದೆ ಅಂತಲ್ಲ. ಕೆಲವರಿಗೆ ದೊಡ್ಡವರಾದ ಮೇಲೆ ಬಿಪಿ ಏರಬಹುದು, ಎರಡೂ ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಅದಕ್ಕಿಂತ ಹೆಚ್ಚಿನದೂ ಆಗಬಹುದು.

ದೊಡ್ಡವರಿಗೆ ಈ ಸೋಂಕಾದರೆ ಬಾಯಿ ಬಿಟ್ಟು ಹೇಳುತ್ತಾರೆ: ಉರಿ ಆಗ್ತದ, ಹತ್ತು ಸಲ ಹೋಗ್ಬೇಕಾಗ್ತದ. ಎಂಟು ತಿಂಗಳ ಕೂಸು ಏನು ಹೇಳೀತು? ಅದಕ್ಕೆ ಜ್ವರ ಬರುತ್ತದೆ, ಅಷ್ಟೇ. ಕೆಲವೊಮ್ಮೆ ವಾಂತಿ, ಹಾಲು ಬೇಡ ಅನ್ನುವುದು, ಕಾರಣವಿಲ್ಲದ ರಗಳೆ, ತಿಂಗಳಾದರೂ ಏರದ ತೂಕ. ಹಸುಗೂಸಿನಲ್ಲಿ ಕಾಮಾಲೆ ಹೆಚ್ಚು ದಿನ ಉಳಿಯುವುದೂ ಒಂದು ಸುಳಿವು. ಮನೆಯಲ್ಲಿ ಇದಕ್ಕೆಲ್ಲ ಉತ್ತರ ತಯಾರಿರುತ್ತದೆ. ಆರೇಳು ತಿಂಗಳಾಗಿದ್ದರೆ ‘ಹಲ್ಲು ಮೂಡ್ಲಕತ್ತಾವ’. ಜಾತ್ರೆಗೆ ಹೋಗಿ ಬಂದಿದ್ದರೆ ‘ದೃಷ್ಟಿ ತಾಕ್ಯದ’. ಏಪ್ರಿಲ್, ಮೇ ಆಗಿದ್ದರಂತೂ ಮಾತೇ ಇಲ್ಲ, ‘ಗರ್ಮಿ ಆಗ್ಯದ’. ನಮ್ಮ ಊರಿನ ಬಿಸಿಲು 42, 43 ಡಿಗ್ರಿ ಮುಟ್ಟುವಾಗ ಗರ್ಮಿ ಅನ್ನುವುದನ್ನು ನಾನು ಅಲ್ಲಗಳೆಯಲಾರೆ. ನೀರು ಕಡಿಮೆಯಾದ ಕೂಸಿನ ಮೂತ್ರ ಹಳದಿಯಾಗುತ್ತದೆ, ನಾತ ಬರುತ್ತದೆ. ಆದರೆ ಹಳದಿ ಬಣ್ಣವೂ ನಾತವೂ ಸೋಂಕಿನ ಗುರುತಲ್ಲ. ಸೋಂಕಿದ್ದೂ ಮೂತ್ರ ತಿಳಿಯಾಗಿರಬಹುದು, ಸೋಂಕಿಲ್ಲದೆಯೂ ಮೂಗು ಮುಚ್ಚುವಂತಿರಬಹುದು. ಕಣ್ಣು, ಮೂಗುಗಳ ಸಾಕ್ಷಿಯನ್ನು ಇಲ್ಲಿ ನಂಬುವ ಹಾಗಿಲ್ಲ, ಪರೀಕ್ಷೆ ಮಾಡಲೇಬೇಕು.

ಯಾವ ಕೂಸಿನಲ್ಲಿ ಅನುಮಾನ ಹೆಚ್ಚಿರಬೇಕು? ಹುಟ್ಟಿದ ಮೊದಲ ಕೆಲವು ತಿಂಗಳು ಗಂಡುಕೂಸುಗಳಲ್ಲಿ ಇದು ಜಾಸ್ತಿ, ಆಮೇಲೆ ಹೆಣ್ಣುಮಕ್ಕಳಲ್ಲಿ. ಮೂರು ತಿಂಗಳೊಳಗಿನ, ಖತ್ನಾ (ಮುಂದೊಗಲು ತೆಗೆಸುವುದು) ಆಗದ, ಜ್ವರವಿರುವ ಗಂಡುಕೂಸುಗಳಲ್ಲಿ ಸೋಂಕು ನೂರಕ್ಕೆ 20ರಷ್ಟು ಕಂಡುಬಂದಿದೆ. ಖತ್ನಾ ಆದವರಲ್ಲಿ ಎರಡು ಮೂರು ಮಾತ್ರ. ಹಾಗಂತ ಎಲ್ಲರೂ ಖತ್ನಾ ಮಾಡಿಸಿ ಎಂದು ನಾನು ಹೇಳುತ್ತಿಲ್ಲ, ನಾಳೆ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಹಾಗೆ ಹಾಕಬೇಡಿ. ಜ್ವರದ ಗಂಡುಕೂಸನ್ನು ನೋಡುವ ವೈದ್ಯರು ಈ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು, ಅಷ್ಟೇ. ಮುಂದೊಗಲನ್ನು ಬಲವಂತವಾಗಿ ಹಿಂದೆ ಸರಿಸಿ ತೊಳೆಯುವ ರೂಢಿ ಕೆಲವು ಮನೆಗಳಲ್ಲಿದೆ, ಅದನ್ನು ಬಿಡಿ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮಲಬದ್ಧತೆ ದೊಡ್ಡ ಕಾರಣ. ಮೂರು ದಿನಕ್ಕೊಮ್ಮೆ ಕಷ್ಟಪಟ್ಟು ಸಂಡಾಸಕ್ಕೆ ಹೋಗುವ ಮಗು ಮೂತ್ರವನ್ನೂ ಪೂರಾ ಖಾಲಿ ಮಾಡುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಮೂತ್ರದಲ್ಲಿ ನಾವು ಹುಡುಕುವ ಗುರುತುಗಳು ಎರಡು ಬೇರೆ ಬೇರೆ ಸುದ್ದಿ ಹೇಳುತ್ತವೆ. ಒಂದು, ಸೂಕ್ಷ್ಮಾಣು ಬಂದಿದೆ. ಇನ್ನೊಂದು, ದೇಹ ಅದಕ್ಕೆ ಎದುರು ನಿಂತಿದೆ. ಸೋಂಕು ಅನ್ನಬೇಕಾದರೆ ಎರಡೂ ಸುದ್ದಿ ಬೇಕು. ಸೂಕ್ಷ್ಮಾಣು ಇದ್ದು ದೇಹ ಸುಮ್ಮನಿದ್ದರೆ ಅದು ಸೋಂಕಾಗಿರಲಿಕ್ಕಿಲ್ಲ: ಚರ್ಮದ ಮೇಲಿನದು ಡಬ್ಬಿಗೆ ಬಿದ್ದಿರಬಹುದು, ಇಲ್ಲವೇ ಮೂತ್ರಕೋಶದಲ್ಲಿ ತಂಟೆ ಮಾಡದೆ ಸುಮ್ಮನೆ ಇರಬಹುದು. ದೇಹ ಕೆರಳಿದ್ದು ಸೂಕ್ಷ್ಮಾಣು ಇಲ್ಲದಿದ್ದರೆ ಜ್ವರದ ಕಾರಣ ಬೇರೆಯೇ ಇರಬಹುದು. ನಮ್ಮ ಗೊಂದಲಗಳಲ್ಲಿ ಬಹುಪಾಲು ಈ ಎರಡು ಸುದ್ದಿಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತವೆ.

ಮೊದಲ ಸುದ್ದಿಯನ್ನು ಬೇಗ ತರುವುದು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಡಿಪ್‌ಸ್ಟಿಕ್ ಪಟ್ಟಿಯ ಮೇಲಿನ ನೈಟ್ರೈಟ್ ಚೌಕ. ಇದರ ಹಿಂದಿನ ರಸಾಯನಶಾಸ್ತ್ರ ಹಳೆಯದು. ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಇಂಗ್ಲೆಂಡಿನ ಬರ್ಟನ್‌ನಲ್ಲಿ ಬಿಯರ್ ಕಾರ್ಖಾನೆಯೊಂದರ ನೌಕರಿಯಲ್ಲಿದ್ದ. ನೈಟ್ರೈಟ್ ಸಿಕ್ಕರೆ ಬಣ್ಣ ಬರುವ ಪರೀಕ್ಷೆಯನ್ನು 1879ರಲ್ಲಿ ಬರೆದಿಟ್ಟ. ಬಿಯರ್ ಕಾರ್ಖಾನೆಯವನ ಬಣ್ಣ ಇವತ್ತು ಜೇವರ್ಗಿಯ ಕೂಸಿನ ಮೂತ್ರದಲ್ಲಿ ಗುಲಾಬಿಯಾಗಿ ಕಾಣುತ್ತದೆ, ವಿಜ್ಞಾನದ ದಾರಿಗಳು ಹೀಗೆ. ನಾವು ತಿನ್ನುವ ಸೊಪ್ಪು, ಕಾಯಿಪಲ್ಲೆಯಿಂದ ನೈಟ್ರೇಟ್ ಮೂತ್ರಕ್ಕೆ ಬರುತ್ತದೆ. ಇ. ಕೋಲಿಯಂಥ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಮಕ್ಕಳ ಮೂತ್ರದ ಸೋಂಕಿನಲ್ಲಿ ಹತ್ತರಲ್ಲಿ ಎಂಟರಷ್ಟು ಸಲ ಸಿಗುವುದು ಇದೇ ಇ. ಕೋಲಿ. ಇದನ್ನು 1885ರಲ್ಲಿ ಕೂಸುಗಳ ಮಲದಲ್ಲಿ ಗುರುತಿಸಿದ ಥಿಯೋಡೋರ್ ಎಶ್ಚೆರಿಶ್ ಕೂಡ ಮಕ್ಕಳ ವೈದ್ಯನೇ.

ಈ ಚೌಕಕ್ಕೆ ಒಂದು ದೊಡ್ಡ ಕುಂದಿದೆ. ನೈಟ್ರೇಟ್ ನೈಟ್ರೈಟ್ ಆಗಲು ಸಮಯ ಬೇಕು, ಮೂತ್ರ ಮೂತ್ರಕೋಶದಲ್ಲಿ ಸುಮಾರು ನಾಲ್ಕು ತಾಸು ನಿಲ್ಲಬೇಕು. ಬೆಳಗಿನ ಮೊದಲ ಮೂತ್ರ ಕೊಡುವ ದೊಡ್ಡವರಲ್ಲಿ ಇದು ಸಲೀಸು. ಎಳೆಯ ಕೂಸು ತಾಸಿಗೊಮ್ಮೆ ಲಂಗೋಟಿ ಒದ್ದೆ ಮಾಡುತ್ತದೆ. ಅಲ್ಲಿ ನೈಟ್ರೈಟ್ ಆಗಲು ಪುರಸೊತ್ತೆಲ್ಲಿ? ಹಾಗಾಗಿ ಸೋಂಕಿದ್ದ ಕೂಸುಗಳಲ್ಲಿ ಅರ್ಧದಷ್ಟು ಈ ಚೌಕದ ಕಣ್ಣಿಗೆ ಬೀಳುವುದಿಲ್ಲ. ಎಂಟರೋಕಾಕಸ್‌ನಂಥ ಕೆಲವು ಸೂಕ್ಷ್ಮಾಣುಗಳಂತೂ ನೈಟ್ರೈಟ್ ಮಾಡುವುದೇ ಇಲ್ಲ. ಆದರೆ ಬಣ್ಣ ಬಂತೆಂದರೆ ಅದು ಬಹುತೇಕ ನಿಜ.

ಎರಡನೆಯ ಸುದ್ದಿ ತರುವುದು ಅದೇ ಪಟ್ಟಿಯ ಲ್ಯೂಕೋಸೈಟ್ ಎಸ್ಟರೇಸ್ ಚೌಕ. ಸೂಕ್ಷ್ಮಾಣುವಿನ ಮೇಲೆ ಬೀಳಲು ಬಂದ ಬಿಳಿ ರಕ್ತಕಣಗಳಲ್ಲಿ ಈ ಕಿಣ್ವವಿದೆ, ಅದು ಚೌಕವನ್ನು ನೇರಳೆಗೆ ತಿರುಗಿಸುತ್ತದೆ. ಇದೇ ಬಿಳಿ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ನಮ್ಮ ಲ್ಯಾಬ್‌ಗಳು ‘ಪಸ್ ಸೆಲ್ಸ್’ ಅಂತ ಬರೆದುಕೊಡುತ್ತವೆ. ಒಂದು ವ್ಯತ್ಯಾಸ ನೆನಪಿಡಿ. ಮೂತ್ರ ತೆಳ್ಳಗಿದ್ದರೆ ಅಥವಾ ಹೊತ್ತು ಕಳೆದರೆ ಕಣಗಳು ಒಡೆದುಹೋಗುತ್ತವೆ, ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ. ಒಡೆದ ಕಣದ ಕಿಣ್ವ ಮಾತ್ರ ಮೂತ್ರದಲ್ಲೇ ಉಳಿದಿರುತ್ತದೆ, ಪಟ್ಟಿ ಅದನ್ನು ಹಿಡಿಯುತ್ತದೆ. ಪಟ್ಟಿ ಪಾಸಿಟಿವ್, ಪಸ್ ಸೆಲ್ ನಿಲ್ ಅಂತ ಬಂದರೆ ಲ್ಯಾಬಿನವರ ಮೇಲೆ ರೇಗುವ ಮುನ್ನ ಮೂತ್ರ ಹಿಡಿದು ಎಷ್ಟು ಹೊತ್ತಾಗಿತ್ತು ಕೇಳಿ.

ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೂತ್ರದಲ್ಲಿ, ದೊಡ್ಡದಾಗಿ ಕಾಣುವ ಮಸೂರದ ಒಂದು ನೋಟಕ್ಕೆ 5 ಅಥವಾ ಹೆಚ್ಚು ಪಸ್ ಸೆಲ್ ಇದ್ದರೆ ಲೆಕ್ಕಕ್ಕೆ ತಗೊಳ್ಳುತ್ತೇವೆ. ಇದೂ ಕಲ್ಲಿನ ಮೇಲೆ ಕೊರೆದ ಗೆರೆಯಲ್ಲ. ಎಳೆಯ ಕೂಸುಗಳ ಮೇಲೆ ಮಾಡಿದ ಕೆಲಸ ತೋರಿಸಿದ್ದು ಹೀಗೆ: ಮೂತ್ರ ತೆಳ್ಳಗಿದ್ದರೆ 3 ಕಣಗಳಿಗೇ ಅನುಮಾನ ಪಡಬೇಕು, ಗಟ್ಟಿಯಿದ್ದರೆ 6ರವರೆಗೆ ಕಾಯಬಹುದು. ಮೇ ತಿಂಗಳ ಕಲಬುರಗಿಯಲ್ಲಿ ಕೂಸಿನ ಮೂತ್ರ ಗಟ್ಟಿಯಿರುತ್ತದೆ, ಮಳೆಗಾಲದಲ್ಲಿ ಹಾಲು ಕುಡಿದು ಹಾಯಾಗಿರುವ ಕೂಸಿನದು ತೆಳ್ಳಗೆ. ಪಟ್ಟಿಯ ಮೇಲೆಯೇ ಮೂತ್ರ ಎಷ್ಟು ಗಟ್ಟಿ ಎಂದು ತೋರಿಸುವ ಸ್ಪೆಸಿಫಿಕ್ ಗ್ರ್ಯಾವಿಟಿ ಎಂಬ ಚೌಕವಿರುತ್ತದೆ, ನೋಡುವವರು ಕಡಿಮೆ. ದಯವಿಟ್ಟು ನೋಡಿ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ತೊಗರಿ ಮಾರಿ ಲಾಭ ನಷ್ಟ ನೋಡುವವರಿಗೆ ಇದು ಕಷ್ಟವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರ ತನ್ನ ಮಾರ್ಗದರ್ಶಿಯಲ್ಲಿ ಈ ಪರೀಕ್ಷೆಗಳ ಸರಾಸರಿ ಬಲವನ್ನು ಕಲೆಹಾಕಿತ್ತು. ಆ ಅಂಕಿಗಳನ್ನು ಹಿಡಿದು 1000 ಜ್ವರದ ಕೂಸುಗಳನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 70ಕ್ಕೆ ಸೋಂಕಿದೆ, 930ಕ್ಕೆ ಇಲ್ಲ. ನೈಟ್ರೈಟ್ ಒಂದನ್ನೇ ನಂಬಿದರೆ 70ರಲ್ಲಿ 37 ಸಿಗುತ್ತವೆ, 33 ತಪ್ಪಿಹೋಗುತ್ತವೆ. ಸೋಂಕಿಲ್ಲದ 930ರಲ್ಲಿ ತಪ್ಪಾಗಿ ಬಣ್ಣ ಬರುವುದು 19ಕ್ಕೆ ಮಾತ್ರ. ಅಂದರೆ ಬಣ್ಣ ಬಂದ 56ರಲ್ಲಿ ಮೂರನೇ ಎರಡು ಭಾಗ ನಿಜವಾದ ಸೋಂಕು. ಇನ್ನು ಎರಡರಲ್ಲಿ ಯಾವ ಚೌಕ ಬಣ್ಣ ತೋರಿದರೂ ಪಾಸಿಟಿವ್ ಎಂದುಕೊಳ್ಳೋಣ. ಆಗ 70ರಲ್ಲಿ 65 ಸಿಗುತ್ತವೆ. ಭಲೇ ಅನ್ನಿಸುತ್ತದೆ. ಆದರೆ ಸೋಂಕಿಲ್ಲದ 930ರಲ್ಲಿ 260ಕ್ಕೂ ಪಾಸಿಟಿವ್ ಬರುತ್ತದೆ! ಒಟ್ಟು 325 ಪಾಸಿಟಿವ್, ಅದರಲ್ಲಿ ನಿಜ ಐದರಲ್ಲಿ ಒಂದು.

ಈ ಐದರಲ್ಲಿ ಒಂದು ಎಂಬುದು ನಮ್ಮ ಜಿಲ್ಲೆಯ ಪ್ರತಿಯೊಬ್ಬ ವೈದ್ಯರ ಮೇಜಿನ ಮೇಲೆ ಇರಬೇಕಾದ ಲೆಕ್ಕ. ಪಟ್ಟಿಯ ಎರಡೂ ಚೌಕ ನೆಗೆಟಿವ್ ಬಂದರೆ ನೆಮ್ಮದಿಯಿಂದ ಬೇರೆ ಕಾರಣ ಹುಡುಕಬಹುದು. ತೀರಾ ಎಳೆಯ ಕೂಸು, ಅಂದರೆ ಎರಡು ಮೂರು ತಿಂಗಳೊಳಗಿನದು, ಇದಕ್ಕೆ ಹೊರತು. ಅದಕ್ಕೆ ಪಟ್ಟಿ ಏನೇ ಹೇಳಲಿ ಕಲ್ಚರ್, ಅಂದರೆ ಮೂತ್ರದ ಸೂಕ್ಷ್ಮಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬೇಕು. ಪಾಸಿಟಿವ್ ಬಂದರೆ ಸೋಂಕು ಸಾಬೀತಾಯಿತು ಅಂತಲ್ಲ, ಕಲ್ಚರ್‌ಗೆ ಕಳಿಸಲೇಬೇಕು ಅಂತ. ‘ಪಸ್ ಸೆಲ್ ಬಂದಾವ, ಆ್ಯಂಟಿಬಯಾಟಿಕ್ ಬರ್ಕೊಡ್ರಿ’ ಎಂಬಲ್ಲಿಗೆ ಮಾತು ಮುಗಿಯುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲಿನದೊಂದಿದೆ: ಮೂತ್ರವನ್ನು ಹಿಡಿದದ್ದು ಹೇಗೆ? ಎಷ್ಟೇ ದುಬಾರಿ ಪರೀಕ್ಷೆಯಾದರೂ ಡಬ್ಬಿಗೆ ಬಿದ್ದದ್ದನ್ನೇ ಅಳೆಯುತ್ತದೆ. ಲಂಗೋಟಿಯ ಹತ್ತಿ ಹಿಂಡಿ ತಂದದ್ದು, ಅಡುಗೆಮನೆಯ ಬಟ್ಟಲಿನಲ್ಲಿ ಹಿಡಿದದ್ದು, ಸಿರಪ್ ಬಾಟಲಿ ತೊಳೆದು ತುಂಬಿದ್ದು, ಇವೆಲ್ಲ ನಮ್ಮಲ್ಲಿಗೆ ಬರುತ್ತವೆ. ಇವುಗಳ ಕಲ್ಚರ್ ಮಾಡಿದರೆ ಅರಿವೆಯಲ್ಲೋ ಬಟ್ಟಲಲ್ಲೋ ಇದ್ದದ್ದು ಬೆಳೆಯುತ್ತದೆ. ಅಂಟಿಸುವ ಪ್ಲಾಸ್ಟಿಕ್ ಚೀಲವೂ ಕಲ್ಚರ್‌ಗೆ ಬೇಡ. ಚರ್ಮದ ಮೇಲಿನ, ಮಲದ ಸೂಕ್ಷ್ಮಾಣುಗಳು ಅದರಲ್ಲಿ ಸೇರಿಕೊಂಡು, ಬೆಳೆದದ್ದರಲ್ಲಿ ಬಹುಪಾಲು ಸುಳ್ಳೇ ಆಗುತ್ತದೆ. ಚೀಲದ ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿ ಬೇಕಾದರೆ. ನೆಗೆಟಿವ್ ಬಂದರೆ ಒಳ್ಳೆಯದು. ಪಾಸಿಟಿವ್ ಬಂದರೆ ಚೀಲದ್ದನ್ನು ಚೆಲ್ಲಿ, ಸರಿಯಾಗಿ ಹಿಡಿದ ಹೊಸ ಮೂತ್ರವನ್ನೇ ಕಲ್ಚರ್‌ಗೆ ಕಳಿಸಿ.

ಸರಿಯಾಗಿ ಹಿಡಿಯುವುದು ಎಂದರೆ? ಇಲ್ಲಿ ಆಯಿಗಳ ಸಹಾಯ ಬೇಕು. ಕೂಸನ್ನು ಚಾಚಿದ ಕಾಲ ಮೇಲೆ ಕೂಡಿಸಿಕೊಂಡು ‘ಶ್ಶ್ಶ್’ ಅಂತ ಸದ್ದು ಮಾಡಿ ಉಚ್ಚಿ ಹೊಯ್ಯಿಸುವುದು ನಿಮಗೆ ಗೊತ್ತಿರುವ ವಿದ್ಯೆ. ದವಾಖಾನೆಗೆ ಬಂದಾಗ ಅದನ್ನು ಮರೆತು ನರ್ಸ್ ಮುಖ ನೋಡುತ್ತೀರಿ. ಕೂಸಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡಿ. ಜಾಗವನ್ನು ನೀರು, ಸೋಪಿನಿಂದ ತೊಳೆದು ಒರೆಸಿ, ಡೆಟಾಲ್ ಬೇಡ. ಒಬ್ಬರು ಕಂಕುಳಲ್ಲಿ ಕೈಕೊಟ್ಟು ಕೂಸನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಹೊಕ್ಕುಳ ಕೆಳಗೆ, ಮೂತ್ರಕೋಶದ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಬೇಕು. ಅರ್ಧ ನಿಮಿಷ ತಟ್ಟಿ, ಅರ್ಧ ನಿಮಿಷ ಬೆನ್ನಿನ ಕೆಳಭಾಗ ತಿಕ್ಕಿ, ಮತ್ತೆ ತಟ್ಟಿ. ಸ್ಪೇನಿನ ವೈದ್ಯರು 2013ರಲ್ಲಿ ಹಸುಗೂಸುಗಳ ಮೇಲೆ ಬರೆದ ಕ್ರಮ ಇದು. ಆಸ್ಟ್ರೇಲಿಯಾದವರು 2017ರಲ್ಲಿ ಇನ್ನೊಂದು ತೋರಿಸಿದರು: ತಣ್ಣೀರಲ್ಲಿ ನೆನೆಸಿದ ಬಟ್ಟೆಯಿಂದ ಹೊಟ್ಟೆಯ ಕೆಳಭಾಗ ಉಜ್ಜುತ್ತಿದ್ದರೆ ಐದು ನಿಮಿಷದಲ್ಲಿ ನೂರಕ್ಕೆ 31 ಕೂಸುಗಳು ಮೂತ್ರ ಮಾಡಿದವು, ಸುಮ್ಮನೆ ಕಾದರೆ 12 ಮಾತ್ರ. ಮೊದಲ ಹನಿಗಳನ್ನು ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯಿರಿ, ಡಬ್ಬಿಯ ಒಳಗೆ ಬೆರಳು ತಾಗಬಾರದು.

ಕೂಸು ಬಹಳ ಸಪ್ಪಗಿದ್ದರೆ ಕಾಯುವ ಹಾಗಿಲ್ಲ. ಆಗ ಸಣ್ಣ ನಳಿಕೆ ಹಾಕಿ ತೆಗೆಯುತ್ತೇವೆ. ‘ನಳಿ ಹಾಕಿದ್ರ ಕೂಸಿನ ಕಿಡ್ನಿ ಖರಾಬ್ ಆಗ್ತದ’ ಎಂಬ ಭಯ ಬಹಳ ಮನೆಗಳಲ್ಲಿದೆ. ನಳಿಕೆ ಮೂತ್ರಕೋಶದ ತನಕ ಮಾತ್ರ ಹೋಗುತ್ತದೆ, ಎರಡು ನಿಮಿಷದಲ್ಲಿ ತೆಗೆದೂ ಆಗುತ್ತದೆ. ಕೂಸು ಅಳುತ್ತದೆ, ಹೌದು.

ಹಿಡಿದ ಮೂತ್ರವನ್ನು ಏನು ಮಾಡುತ್ತೇವೆ ಎಂಬುದು ನಮ್ಮ ಭಾಗಕ್ಕೆ ಬಹಳ ಮುಖ್ಯ. ಅನುಕೂಲ ಸಿಕ್ಕರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅದಕ್ಕೆ ಇಷ್ಟವಾದ ಉಷ್ಣತೆ 37 ಡಿಗ್ರಿ. ಚಿಂಚೋಳಿಯಿಂದಲೋ ಅಫಜಲಪುರದಿಂದಲೋ ಮಧ್ಯಾಹ್ನದ ಬಸ್ಸಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಬಂದ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಗೂಡು ಬೇಕೆ? ಹತ್ತು ಸಲ ಎರಡಾದರೆ ಒಂದು 1024 ಆಗುತ್ತದೆ. ಚರ್ಮದಿಂದ ಬಿದ್ದ ನಾಲ್ಕಾರು ಸೂಕ್ಷ್ಮಾಣು ಊರು ಮುಟ್ಟುವಷ್ಟರಲ್ಲಿ ಸಾವಿರಾರು. ಮಾಮೂಲಿ ಹವೆಯಲ್ಲಿ ಒಂದು ತಾಸಿನೊಳಗೆ ಮೂತ್ರ ಪರೀಕ್ಷೆಯಾಗಬೇಕು, ಆಗದಿದ್ದರೆ ಫ್ರಿಜ್‌ನಲ್ಲಿ ಇಡಬೇಕು. ಆದ್ದರಿಂದ ಮೂತ್ರವನ್ನು ಬಸ್ಸು ಹತ್ತಿಸಬೇಡಿ, ಕೂಸನ್ನೇ ಕರೆತನ್ನಿ.

ಪಟ್ಟಿಯ ಬಗ್ಗೆ ಟೆಕ್ನಿಷಿಯನ್ನರಿಗೆ ಎರಡು ಮಾತು. ಪಟ್ಟಿಗಳಿರುವ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿ ತಾಗಿ ನೈಟ್ರೈಟ್ ಚೌಕ ತಾನಾಗಿಯೇ ಗುಲಾಬಿಯಾಗಬಹುದು. ನೈಟ್ರೈಟ್ ಓದುವುದು ಒಂದು ನಿಮಿಷಕ್ಕೆ, ಎಸ್ಟರೇಸ್ ಎರಡು ನಿಮಿಷಕ್ಕೆ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಎಲ್ಲವೂ ಬಣ್ಣ ಬಣ್ಣ. ಕೂಸಿಗೆ ವಿಟಮಿನ್ ಸಿ ಹನಿ ಕೊಡುತ್ತಿದ್ದಾರಾ ಎಂದೂ ಕೇಳಿ, ಅದು ನೈಟ್ರೈಟ್ ಬಣ್ಣವನ್ನು ಅಡಗಿಸುತ್ತದೆ.

ಹೊಸ ಗುರುತುಗಳ ಬಗ್ಗೆ ವೈದ್ಯರು ಕೇಳಿದ್ದರಿಂದ ಅದಕ್ಕೆ ಬರುತ್ತೇನೆ. ಬಹಳ ಆಸೆ ಹುಟ್ಟಿಸಿರುವುದು ಎನ್‌ಗಾಲ್ ಎಂಬ ಪ್ರೋಟೀನು. ಇದರ ಕೆಲಸ ನನಗೆ ಕತೆಯಷ್ಟೇ ಇಷ್ಟ. ಸೂಕ್ಷ್ಮಾಣು ಬೆಳೆಯಲು ಕಬ್ಬಿಣ ಬೇಕು, ದೇಹ ಕಬ್ಬಿಣವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆಗ ಇ. ಕೋಲಿ ಎಂಟರೋಬ್ಯಾಕ್ಟಿನ್ ಎಂಬ ಸಣ್ಣ ಅಣುವನ್ನು ಹೊರಗೆ ಬಿಡುತ್ತದೆ. ಅದು ಕಬ್ಬಿಣವನ್ನು ಕಿತ್ತುಕೊಂಡು ವಾಪಸ್ ತರುತ್ತದೆ. ನಮ್ಮ ಬಿಳಿ ಕಣಗಳೂ ಮೂತ್ರಪಿಂಡದ ನಾಳದ ಕೋಶಗಳೂ ಸುರಿಸುವ ಎನ್‌ಗಾಲ್, ರಾಶಿ ಮಾಡುವ ಕಣಕ್ಕೆ ಬಂದ ಕಳ್ಳನಿಂದ ಕಾಳು ತುಂಬಿದ ಚೀಲವನ್ನೇ ಕಸಿದುಕೊಳ್ಳುವ ಹಾಗೆ, ಕಬ್ಬಿಣದ ಸಮೇತ ಆ ಅಣುವನ್ನು ಹಿಡಿದಿಡುತ್ತದೆ. ಸೂಕ್ಷ್ಮಾಣು ಹಸಿದು ಬೆಳವಣಿಗೆ ನಿಲ್ಲುತ್ತದೆ. ಕೆಲವು ಜಾಣ ತಳಿಗಳು ಆ ಅಣುವಿಗೆ ಸಕ್ಕರೆ ಅಂಟಿಸಿ ಎನ್‌ಗಾಲ್ ಕೈಗೆ ಸಿಗದಂತೆ ಮಾಡಿಕೊಂಡಿವೆ. ಯುದ್ಧ ಎರಡೂ ಕಡೆಯಿಂದ ನಡೆದೇ ಇದೆ.

ಹೀಗಾಗಿ ಮೂತ್ರದಲ್ಲಿ ಎನ್‌ಗಾಲ್ ಏರಿದರೆ ಅದು ಎರಡನೆಯ ಸುದ್ದಿ, ದೇಹ ಎದುರು ನಿಂತ ಸುದ್ದಿ. ಮೂತ್ರ ನಾಲ್ಕು ತಾಸು ನಿಲ್ಲಬೇಕೆಂಬ ಹಂಗು ಇದಕ್ಕಿಲ್ಲ, ಅದೇ ಎಳೆಯ ಕೂಸುಗಳಲ್ಲಿ ಇದರ ಲಾಭ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ತಿಂಗಳೊಳಗಿನ 260 ಜ್ವರದ ಕೂಸುಗಳನ್ನು ನೋಡಿದರು. ಸೋಂಕಿದ್ದ 35ರಲ್ಲಿ 34ನ್ನು ಎನ್‌ಗಾಲ್ ಹಿಡಿಯಿತು, ಸೋಂಕಿಲ್ಲದವರಲ್ಲಿ ತಪ್ಪಾಗಿ ಏರಿದ್ದು ನೂರಕ್ಕೆ ನಾಲ್ಕೈದು ಮಾತ್ರ. ಪಟ್ಟಿಗೆ ಹೋಲಿಸಿದರೆ ಚಂದದ ಅಂಕಿ. ಆದರೆ ಸೋಂಕಿದ್ದ ಕೂಸು ಒಟ್ಟು 35. ಅಷ್ಟರ ಮೇಲೆ ನಾನು ನಮ್ಮ ತಾಲೂಕು ಆಸ್ಪತ್ರೆಗಳಿಗೆ ಯಂತ್ರ ಕೊಳ್ಳಿ ಅನ್ನಲಾರೆ. ಇನ್ನೊಂದು ಅಡಚಣೆಯೂ ಇದೆ: ಮೂತ್ರಪಿಂಡಕ್ಕೆ ಬೇರೆ ಕಾರಣದಿಂದ ಪೆಟ್ಟು ಬಿದ್ದರೂ ಎನ್‌ಗಾಲ್ ಏರುತ್ತದೆ. ವೈದ್ಯಲೋಕದಲ್ಲಿ ಇದು ಮೊದಲು ಹೆಸರು ಮಾಡಿದ್ದೇ ಹಾಗೆ. ವಾಂತಿ ಭೇದಿಯಾಗಿ ನೀರೆಲ್ಲ ಬತ್ತಿ, ಕಿಡ್ನಿ ಸೋತ ಸ್ಥಿತಿಯಲ್ಲಿ ಬೇಸಿಗೆಯಲ್ಲಿ ಬರುವ ನಮ್ಮ ಕೂಸುಗಳಲ್ಲಿ ಇದನ್ನು ಓದುವುದು ಸುಲಭವಲ್ಲ. ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 8 ಮುಂತಾದ, ದೇಹ ಕೆರಳಿದಾಗ ಬಿಡುವ ಪ್ರೋಟೀನುಗಳ ಮೇಲೂ ಕೆಲಸ ನಡೆದಿದೆ, ಅವು ನಮ್ಮ ದಿನನಿತ್ಯದ ಪರೀಕ್ಷೆಗಳಲ್ಲ. ರಕ್ತದ ಪ್ರೊಕ್ಯಾಲ್ಸಿಟೋನಿನ್ ಸೋಂಕು ಕಿಡ್ನಿಗೆ ಏರಿದೆಯೇ ಎಂದು ಅಂದಾಜಿಸಲು ಸ್ವಲ್ಪ ನೆರವಾಗುತ್ತದೆ, ಅಷ್ಟೇ.

ಕಡೆಗೆ ಕಲ್ಚರ್. ಯಾವ ಗುರುತೂ ಹೇಳಲಾರದ ಎರಡು ಸಂಗತಿಗಳನ್ನು ಇದು ಹೇಳುತ್ತದೆ: ಬಂದವನು ಯಾರು, ಅವನಿಗೆ ಯಾವ ಔಷಧ ನಾಟುತ್ತದೆ. ಒಂದು ಮಿಲಿಲೀಟರ್ ಮೂತ್ರಕ್ಕೆ ಒಂದು ಲಕ್ಷ ಸೂಕ್ಷ್ಮಾಣು ಇದ್ದರೆ ಸೋಂಕು ಎಂಬ ಪ್ರಸಿದ್ಧ ಗೆರೆ 1950ರ ದಶಕದಲ್ಲಿ ಬೋಸ್ಟನ್ನಿನ ಎಡ್ವರ್ಡ್ ಕ್ಯಾಸ್ ಎಳೆದದ್ದು, ಅದೂ ದೊಡ್ಡ ಹೆಂಗಸರ ಮೂತ್ರ ನೋಡಿ. ಮಕ್ಕಳಿಗೆ ಅದು ಬಳುವಳಿಯಾಗಿ ಬಂತು. ನಳಿಕೆಯಿಂದ ತೆಗೆದದ್ದಕ್ಕೆ 50,000 ಸಾಕು ಎಂದು 2011ರ ಆ ಮಾರ್ಗದರ್ಶಿ ಹೇಳಿತು, ಜೊತೆಗೆ ಪಸ್ ಸೆಲ್ ಅಥವಾ ಸೂಕ್ಷ್ಮಾಣು ನೇರ ಪರೀಕ್ಷೆಯಲ್ಲೂ ಕಾಣಬೇಕು ಎಂದಿತು. ನಾನು ಹೇಳುತ್ತಿರುವ ಎರಡು ಸುದ್ದಿಯ ಮಾತು ಅಲ್ಲಿಯೂ ಇದೆ. ಮೂರು ನಾಲ್ಕು ಬಗೆಯ ಸೂಕ್ಷ್ಮಾಣು ಒಟ್ಟಿಗೆ ಬೆಳೆದರೆ ಅದು ಸಾಮಾನ್ಯವಾಗಿ ಕೊಳೆ, ಸೋಂಕಲ್ಲ.

ಕಲ್ಚರ್ ಕೆಡಿಸುವ ಅತಿ ಸುಲಭದ ದಾರಿ ಆ್ಯಂಟಿಬಯಾಟಿಕ್‌ನ ಒಂದೆರಡು ಡೋಸ್. ಒಂದು ದಿನದೊಳಗೆ ಮೂತ್ರದ ಸೂಕ್ಷ್ಮಾಣು ಮಾಯವಾಗಬಹುದು. ಜ್ವರ ಬಂದ ಸಂಜೆಯೇ ಮೆಡಿಕಲ್‌ನಲ್ಲಿ ಹೇಳಿ ತಂದ ಅಮಾಕ್ಸಿಸಿಲಿನ್ನೋ ಸೆಫಿಕ್ಸಿಮ್ಮೋ ಅರ್ಧ ಬಾಟಲಿ ಕುಡಿಸಿ, ಜ್ವರ ಇಳಿದು, ಮತ್ತೆ ಏರಿ, ಆಮೇಲೆ ನಮ್ಮಲ್ಲಿಗೆ ಬಂದರೆ ಕಲ್ಚರ್ ‘ಬೆಳವಣಿಗೆ ಇಲ್ಲ’ ಅನ್ನುತ್ತದೆ. ಇರಲಿಲ್ಲವೋ, ಅಡಗಿತೋ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಆಗ ಆ ಕೂಸಿಗೆ ಸ್ಕ್ಯಾನ್ ಬೇಕೇ, ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಏರುವ ತೊಂದರೆ ಇದೆಯೇ ಎಂದು ನೋಡಬೇಕೇ, ಎಲ್ಲವೂ ಅಂದಾಜು. ಜ್ವರದ ಸೋಂಕಾದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಹಿಮ್ಮುಖ ಹರಿವು ಇರುತ್ತದೆ, ಹಾಗಾಗಿ ಸಣ್ಣ ಪ್ರಶ್ನೆಯಲ್ಲ. ಮೂತ್ರ ಹಿಡಿದ ಮೇಲೆ ಮಾತ್ರ ತಡ ಬೇಡ. ಕೂಸು ಸುಸ್ತಾಗಿದ್ದು ಪಟ್ಟಿ ಪಾಸಿಟಿವ್ ಇದ್ದರೆ ಕಲ್ಚರ್ ವರದಿಗೆ ಎರಡು ದಿನ ಕಾಯದೆ ಔಷಧ ಶುರು ಮಾಡುತ್ತೇವೆ, ವರದಿ ಬಂದ ಮೇಲೆ ಬದಲಿಸುತ್ತೇವೆ ಅಥವಾ ನಿಲ್ಲಿಸುತ್ತೇವೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಜೇವರ್ಗಿ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು: ‘ಮೇಡಂ, ನಾವು ಮನಿಗಿ ಹೋಗೂದ್ರಾಗ ಸಿರಪ್ ಕುಡಿಸಿಬಿಟ್ಟಿರ್ತಾರ. ಆಗ ಏನ್ ಮಾಡ್ಬೇಕ್ರಿ?’ ಬಾಟಲಿಯನ್ನೇ ಜೊತೆಗೆ ಕಳಿಸಿ. ಯಾವ ಔಷಧ, ಎಷ್ಟು ಡೋಸ್ ಆಯಿತು ಎಂದು ಚೀಟಿಯಲ್ಲಿ ಬರೆದರೆ ನಮಗೆ ಅರ್ಧ ಕೆಲಸ. ಕಲ್ಚರ್ ಸುಮ್ಮನಾದರೂ ಪಸ್ ಸೆಲ್ ಇನ್ನೂ ಕೆಲವು ದಿನ ಕಾಣಬಹುದು. ನೀವಾಗಿ ಸಿರಪ್ ನಿಲ್ಲಿಸಿ ಅಂತ ಹೇಳಬೇಡಿ, ಅದನ್ನು ನೋಡಿದ ವೈದ್ಯರು ತೀರ್ಮಾನಿಸಲಿ.

ತಾಯಿಯೊಬ್ಬರು ರಿಪೋರ್ಟ್ ಹಿಡಿದು ನಿಂತರು: ‘ಪಸ್ ಸೆಲ್ 8-10 ಅಂತ ಬಂದದ, ಕೂಸು ಆಡ್ಕೋತ ಉಣ್ಕೋತ ಅದ. ಜ್ವರ ಇಲ್ಲ, ಏನಿಲ್ಲ.’ ಜ್ವರವಿಲ್ಲ, ತೂಕ ಸರಿಯಿದೆ, ಕೂಸು ಆಡುತ್ತಿದೆ ಎಂದರೆ ಆ ಕಾಗದಕ್ಕೆ ಔಷಧ ಬೇಡ. ಮೂತ್ರ ಹೇಗೆ ಹಿಡಿದಿರಿ ಎಂದು ಕೇಳಿದೆ. ‘ಡೈಪರ್‌ನಾಗಿಂದ ಸ್ವಲ್ಪ ಹಿಂಡಿದೆವ್ರಿ’ ಅಂದರು. ಸಭೆ ನಕ್ಕಿತು, ಅವರೂ ನಕ್ಕರು. ಜ್ವರ ಬಂದರೆ ಅದೇ ದಿನ ಬನ್ನಿ, ಮೂತ್ರವನ್ನು ಇಲ್ಲಿಯೇ ಹಿಡಿಯೋಣ ಎಂದೆ.

ಕಡೆಯದು ಲ್ಯಾಬ್ ಟೆಕ್ನಿಷಿಯನ್ ಒಬ್ಬರದು. ಶನಿವಾರ ಸಂಜೆ ಕೂಸು ಬರುತ್ತದೆ, ಕಲ್ಚರ್ ಮಾಡುವ ಲ್ಯಾಬ್ ತೆರೆಯುವುದು ಸೋಮವಾರ, ಏನು ಮಾಡುವುದು? ಪಟ್ಟಿಯನ್ನು ಅಲ್ಲಿಯೇ, ಆಗಲೇ ಅದ್ದಿ ನೋಡಿ, ಫಲಿತಾಂಶವನ್ನು ಸಮಯದ ಸಮೇತ ಬರೆಯಿರಿ. ಕಲ್ಚರ್ ಡಬ್ಬಿ 4 ಡಿಗ್ರಿಯಲ್ಲಿ 24 ತಾಸು ತಡೆಯುತ್ತದೆ, ಸೋಮವಾರದ ತನಕ ತಡೆಯುವುದಿಲ್ಲ. ಅದಕ್ಕೆ ಲಸಿಕೆ ಇಡುವ ಫ್ರಿಜ್ ಮುಟ್ಟಬೇಡಿ, ಅದರಲ್ಲಿ ಲಸಿಕೆ ಬಿಟ್ಟು ಬೇರೇನೂ ಇರಕೂಡದು. ಬೋರಿಕ್ ಆ್ಯಸಿಡ್ ಹಾಕಿದ ಡಬ್ಬಿ ಸಿಕ್ಕರೆ ಗೆರೆಯ ತನಕ ತುಂಬಬೇಕು, ಎರಡು ಹನಿ ಹಾಕಿದರೆ ಆ ಆ್ಯಸಿಡ್ಡೇ ಸೂಕ್ಷ್ಮಾಣುವನ್ನು ಅಡಗಿಸುತ್ತದೆ. ಎಳೆಯ ಕೂಸಿನಲ್ಲಿ ಅಷ್ಟು ಮೂತ್ರ ಸಿಗುವುದು ಕಷ್ಟ. ಪಟ್ಟಿ ಪಾಸಿಟಿವ್ ಇದ್ದು ಕೂಸು ಮೂರು ತಿಂಗಳೊಳಗಿನದಾಗಿದ್ದರೆ, ಅಥವಾ ವಾಂತಿ ಮಾಡಿಕೊಂಡು ಹಾಲು ಬಿಟ್ಟಿದ್ದರೆ, ಅದೇ ರಾತ್ರಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿ. ಅಲ್ಲಿ ಮೂತ್ರ ತೆಗೆದು ಔಷಧ ಶುರು ಮಾಡುತ್ತಾರೆ.